ಆದಿಲಕ್ಷ್ಮಿಯ ಎಡಪಕ್ಕೆ

ಆದಿಲಕ್ಷ್ಮಿಗೆ ಕೋಪ ಜಾಸ್ತಿ ಎಂಬುದು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನ ಹೆಂಗಸರ ಡಬ್ಬಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಂಡಸರು ಯಾರಾದರೂ ನಮ್ಮ ಡಬ್ಬಿಗೆ ಹತ್ತಿದರೆ ನಾವು ಮುಖ ಸಿಂಡರಿಸಿ ಕಿಟಕಿಯ ಕಡೆ ತಿರುಗುತ್ತಿದ್ದೆವು. ಅವಳು ತಿರುಗುತ್ತಿರಲಿಲ್ಲ. ಕನ್ನಡದಲ್ಲಿ ಶುರು ಮಾಡಿ, ಅದು ನಾಟದಿದ್ದರೆ ತೆಲುಗಿಗೆ ದಾಟಿ, ಕೊನೆಗೆ ಗಂಡನ ಮನೆಯಲ್ಲಿ ಕಲಿತ ತಮಿಳಿನಲ್ಲಿ ಮುಗಿಸುತ್ತಿದ್ದಳು. ಮುಂದಿನ ಸ್ಟೇಷನ್ ಬರುವ ಹೊತ್ತಿಗೆ ಆ ಮನುಷ್ಯ ಬಾಗಿಲಲ್ಲಿ ನಿಂತು ಇಳಿಯಲು ಕಾಯುತ್ತಿರುತ್ತಿದ್ದ. ಬೈದು ಮುಗಿಸಿ ಕೂತಾಗ ಅವಳ ಕೆನ್ನೆಗಳು ನೇರಳೆ ಬೆರೆತ ಕೆಂಪಾಗಿರುತ್ತಿದ್ದವು. ಎದೆಯ ಮೇಲೆ ಅಂಗೈ ಒತ್ತಿಕೊಂಡು, ಬಾಯಿ ತೆರೆದು ಉಸಿರಾಡುತ್ತಿದ್ದಳು. ಇಷ್ಟು ಕೋಪ ಮಾಡಿಕೊಂಡರೆ ಎದೆ ಒಡೆದೀತು ಕಣಮ್ಮಾ ಎಂದು ಯಾರಾದರೊಬ್ಬರು ಹೇಳೇ ಹೇಳುತ್ತಿದ್ದರು.

ಆ ಮಾತು ಎಷ್ಟು ಬಾಯಿಗಳಿಂದ ಬಂತು, ಯಾರ್ಯಾರ ಬಾಯಿಂದ ಬಂತು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಕಥೆಯನ್ನು ತಣ್ಣಗೆ ಹೇಳಲು ನನ್ನಿಂದ ಆಗುವುದಿಲ್ಲ.

ನಾನು ಶ್ಯಾಮಲಾ. ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೆ.ಆರ್. ಪುರದ ಒಂದು ಶಾಲೆಯ ಆಫೀಸಿಗೆ ಕೆಲಸಕ್ಕೆ ಹೋಗುತ್ತೇನೆ. ಆದಿಲಕ್ಷ್ಮಿ ಅದಕ್ಕೂ ಮೊದಲು ಚಾಂಪಿಯನ್ನಿನಲ್ಲಿ ಹತ್ತಿ ನನಗೊಂದು ಜಾಗ ಹಿಡಿದಿಟ್ಟಿರುತ್ತಿದ್ದಳು. ಅವಳು ಹುಟ್ಟಿದ್ದು ಬೇತಮಂಗಲದ ಕೆರೆಯಾಚೆಗಿನ ಒಂದು ಸಣ್ಣ ಊರಿನಲ್ಲಿ. ಅಪ್ಪ ಮುನಿನಾರಾಯಣಪ್ಪ ಕುರಿ ಕಾಯುತ್ತಿದ್ದ, ಅಮ್ಮ ಅಮ್ಮಾಜಮ್ಮ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಿದ್ದ ಆರುಮುಗಂನನ್ನು ಮದುವೆಯಾಗಿ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಗೆ ಬಂದಳು. ಆರುಮುಗಂನ ಅಪ್ಪ ಗಣಿಯೊಳಗೆ ದುಡಿದು, ಎದೆಯಲ್ಲಿ ಕಲ್ಲಿನ ಪುಡಿ ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತವನು. ಹಾಗಾಗಿ ಆ ಮನೆಯಲ್ಲಿ ಉಸಿರು ಸಿಕ್ಕದಿರುವುದು ಒಂದು ಕಾಯಿಲೆಯೇ ಅಲ್ಲ. ಮಾವನ ಉಸಿರನ್ನು ಕೇಳಿದ್ದವರಿಗೆ ಸೊಸೆಯ ಏದುಸಿರು ಕೇಳಿಸಲಿಲ್ಲ.

ಒಬ್ಬಳೇ ಮಗಳು, ಅರುಣಕುಮಾರಿ. ಅವಳ ನಂತರ ಇನ್ನೊಂದು ಗರ್ಭ ನಿಂತಿತ್ತು. ಹೊಟ್ಟೆ ಬೆಳೆದಂತೆ ಆದಿಲಕ್ಷ್ಮಿಗೆ ಮಲಗಲು ಆಗದಂತಾಯಿತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳಂತೆ. ರಕ್ತ ಕಮ್ಮಿ ಎಂದರು. ಅತ್ತೆ ಮಟನ್ ಅಂಗಡಿಯಿಂದ ಸುವರೊಟ್ಟಿ ತರಿಸಿ, ಮೆಣಸು ಹಾಕಿ ಹುರಿದು ತಿನ್ನಿಸಿದಳು. ನಮ್ಮ ಕಡೆ ತಮಿಳರು ಮೇಕೆಯ ಗುಲ್ಮಕ್ಕೆ ಹಾಗೆನ್ನುತ್ತಾರೆ, ರಕ್ತ ಹೆಚ್ಚಿಸುತ್ತದೆ ಎಂದು ಬಸುರಿಯರಿಗೆ ಕೊಡುತ್ತಾರೆ. ಆದರೂ ಆ ಮಗು ಉಳಿಯಲಿಲ್ಲ. ಆಗಲೂ ಯಾರೋ ಹೇಳಿದರಂತೆ, ಬಸುರಿ ಹೆಂಗಸು ಅಷ್ಟು ಕೂಗಾಡಬಾರದಿತ್ತು ಎಂದು.

ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಅವಳದು ಗುತ್ತಿಗೆಯ ಹೌಸ್‌ಕೀಪಿಂಗ್ ಕೆಲಸ. ಅಲ್ಲಿಗೆ ಹೊಸ ಸೂಪರ್‌ವೈಸರ್ ಒಬ್ಬ ಬಂದ. ಬಕೆಟ್ಟು ಮಾಪು ಹಿಡಿದ ಹೆಂಗಸರು ಲಿಫ್ಟಿನಲ್ಲಿ ನಿಂತರೆ ಆಫೀಸಿನವರಿಗೆ ಮುಜುಗರವಾಗುತ್ತದೆ, ಇನ್ನು ಮೇಲೆ ಮೆಟ್ಟಿಲು ಹತ್ತಿ ಹೋಗಿ ಎಂದ. ಉಳಿದವರು ಗೊಣಗಿಕೊಂಡು ಹತ್ತಿದರು. ಆದಿಲಕ್ಷ್ಮಿ ಹತ್ತಲಿಲ್ಲ. ಬಕೆಟ್ಟನ್ನು ಲಿಫ್ಟಿನ ಬಾಗಿಲಿಗೆ ಅಡ್ಡ ಇಟ್ಟು ಅದರ ಮುಂದೆ ಕೂತುಬಿಟ್ಟಳು. ಆಫೀಸಿಗೆ ಬಂದವರೆಲ್ಲ ಅವಳನ್ನು ಸುತ್ತುವರಿದು ನಿಂತರು, ಒಬ್ಬರು ಫೋಟೋ ತೆಗೆದರು, ಕೊನೆಗೆ ಮ್ಯಾನೇಜರ್ ಇಳಿದು ಬಂದು ಸಾಮಾನು ಸಾಗಿಸುವ ಹಿಂದಿನ ಲಿಫ್ಟನ್ನು ಇವರಿಗೆ ಬಿಡಿಸಿಕೊಟ್ಟ. ಆ ವಾರವಿಡೀ ರೈಲಿನಲ್ಲಿ ನಮಗೆ ಅದೇ ಮಾತು. ಅವಳ ಸ್ವಾಭಿಮಾನವನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಮಾತ್ರ ನನ್ನ ಕಿವಿಯ ಹತ್ತಿರ ಬಾಗಿ ಬೇರೆ ಮಾತು ಹೇಳಿದಳು.

"ಸ್ವಾಭಿಮಾನ ಗೀಭಿಮಾನ ಏನಿಲ್ಲ ಶ್ಯಾಮಲಕ್ಕ. ಎರಡು ಮಾಳಿಗೆ ಅತ್ತಿದ್ರೆ ನಂಗೆ ಕಣ್ಣು ಕತ್ತಲೆ ಬತ್ತದೆ. ಎದೆ ಒಳಗೆ ಕೋಳಿ ರೆಕ್ಕೆ ಬಡಿದಂಗೆ ಆತದೆ. ಅದನ್ನ ಯೋಳಿದ್ರೆ ಕೆಲಸದಿಂದ ತೆಗೆದಾಕ್ತಾರೆ. ಅದಕ್ಕೆ ಜಗಳ ಆಡ್ದೆ."

ಡಾಕ್ಟರಿಗೆ ತೋರಿಸಿಕೊಳ್ಳಲಿಲ್ಲ ಎಂದಲ್ಲ. ಬಂಗಾರಪೇಟೆಯಲ್ಲಿ ಒಂದು ಕ್ಲಿನಿಕ್ಕು ಇತ್ತು, ಸಂಜೆ ರೈಲಿಳಿದವರು ಹೋಗಲು ಅನುಕೂಲವಾದ ಜಾಗ. ಅಲ್ಲಿನ ಡಾಕ್ಟರು ಅವಳ ಮಾತನ್ನು ಅರ್ಧ ಕೇಳಿ, ಬಿ.ಪಿ. ನೋಡಿ, ಹೆಂಗಸರಿಗೆ ಈ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತದೆ, ಕೋಪ ಕಮ್ಮಿ ಮಾಡಿಕೊಳ್ಳಿ ಎಂದು ನಿದ್ದೆ ಬರುವ ಮಾತ್ರೆ ಕೊಟ್ಟಿದ್ದರು. ಅವಳಿಗೆ ಕೋಪ ಜಾಸ್ತಿ ಎಂದು ಅವರಿಗೆ ಹೇಳಿದ್ದು ಆರುಮುಗಂ. ಒಳ್ಳೆಯ ಮನುಷ್ಯ, ದನಿ ಎತ್ತಿದರೆ ಹೆದರುವವನು. ಹೆಂಡತಿ ಕೂಗುವುದು ನಿಂತರೆ ಎಲ್ಲವೂ ಸರಿಹೋಗುತ್ತದೆ ಎಂದು ಪಾಪ ನಂಬಿದ್ದ. ಮಾತ್ರೆ ನುಂಗಿದ ದಿನಗಳಲ್ಲಿ ಅವಳು ರೈಲಿನಲ್ಲಿ ತೂಕಡಿಸುತ್ತಿದ್ದಳು. ತೂಕಡಿಕೆಯಲ್ಲೂ ಅವಳ ಕೊರಳಿನ ನರ ಅಡ್ಡಾದಿಡ್ಡಿ ಮಿಡಿಯುವುದು ಕಾಣುತ್ತಿತ್ತು.

ನೋವು ಬಂದದ್ದು ಮಳೆಗಾಲದ ಒಂದು ಬೆಳಿಗ್ಗೆ, ಟೇಕಲ್ ದಾಟಿ ರೈಲು ಮಾಲೂರಿನ ಕಡೆ ಓಡುತ್ತಿದ್ದಾಗ. ಅಂದು ಅವಳು ಯಾರೊಂದಿಗೂ ಜಗಳವಾಡಿರಲಿಲ್ಲ. ಟಿಫನ್ ಡಬ್ಬಿ ಬಿಚ್ಚಿ ನನಗೊಂದು ಇಡ್ಲಿ ಕೊಡಲು ಕೈ ಚಾಚಿದವಳು ಹಾಗೇ ಎಡಕ್ಕೆ ಬಾಗಿದಳು. ಡಬ್ಬಿ ಉರುಳಿತು. ಎಡಪಕ್ಕೆಯ ಕೆಳಗೆ, ಎಲುಬಿನ ಗೂಡು ಮುಗಿಯುವ ಕಡೆ, ಎರಡೂ ಕೈಗಳನ್ನು ಒತ್ತಿ ಹಿಡಿದುಕೊಂಡಳು. ಯಾರೋ ಕುಡುಗೋಲು ಹಾಕಿ ಎಳೆದಂತಾಯಿತು ಎಂದು ಆಮೇಲೆ ಹೇಳಿದಳು. ಉಸಿರು ಒಳಗೆ ಎಳೆದುಕೊಂಡಷ್ಟೂ ನೋವು ಹೆಚ್ಚಾಗುತ್ತಿತ್ತು. ಆದ್ದರಿಂದ ನಾಯಿಯಂತೆ ಮೇಲುಸಿರು ಬಿಡುತ್ತಿದ್ದಳು. ವಾಂತಿ ಮಾಡಿದಳು. ಆಮೇಲೆ ಎಡ ಭುಜವನ್ನು ತೋರಿಸಿ, ಅಲ್ಲೂ ನೋಯುತ್ತಿದೆ ಎಂದಳು. ಹೊಟ್ಟೆಯ ನೋವಿಗೆ ಭುಜ ಯಾಕೆ ನೋಯಬೇಕು ಎಂದು ನಮಗೆ ಯಾರಿಗೂ ಅರ್ಥವಾಗಲಿಲ್ಲ.

ಮಾಲೂರಿನಲ್ಲಿ ನಾನೂ ಇನ್ನಿಬ್ಬರೂ ಅವಳನ್ನು ಇಳಿಸಿದೆವು. ಎದುರಿನ ಪ್ಲಾಟ್‌ಫಾರ್ಮಿಗೆ ಬಂದ ರೈಲು ಹಿಡಿದು ಬಂಗಾರಪೇಟೆಗೆ ವಾಪಸ್ ಬಂದೆವು. ನಾನು ಫೋನು ಮಾಡಿದ್ದರಿಂದ ಆರುಮುಗಂ ಆಟೋ ತಂದು ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದ. ಹತ್ತಿರವಿದ್ದದ್ದು ಅದೇ ಕ್ಲಿನಿಕ್ಕು. ಡಾಕ್ಟರು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಖಾಲಿ ಹೊಟ್ಟೆಯಲ್ಲಿ ಟೀ ಕುಡಿದೆ ಎಂದಳು. ಅಷ್ಟು ಸಾಕಾಯಿತು. ಗ್ಯಾಸ್ಟ್ರಿಕ್ ಎಂದು ಸೊಂಟಕ್ಕೊಂದು ಇಂಜೆಕ್ಷನ್ ಕೊಟ್ಟು, ಖಾರ ಬಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕೋಪ ಮಾಡಿಕೊಳ್ಳಬೇಡಿ ಎಂದರು. ಅವಳ ಕೈಯ ನಾಡಿಯನ್ನಾಗಲಿ, ಅವಳು ತೋರಿಸಿದ ಎಡಪಕ್ಕೆಯನ್ನಾಗಲಿ ಮುಟ್ಟಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದ್ದೇನೆ.

ಇಂಜೆಕ್ಷನ್ನಿಗೆ ನೋವು ಮಂಕಾಯಿತು. ಮರುದಿನ ಜ್ವರ ಬಂತು, ನೋವು ಮತ್ತೆ ಎದ್ದಿತು. ಈ ಸಲ ಆರುಮುಗಂ ಅವಳನ್ನು ಕೆಜಿಎಫ್‌ನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿ ಹೊಟ್ಟೆಯ ಮೇಲೆ ಜೆಲ್ಲಿ ಸವರಿ ಸ್ಕ್ಯಾನ್ ಮಾಡಿದರು. ಕಿಡ್ನಿಯಲ್ಲಿ ಕಲ್ಲಿಲ್ಲ, ಪಿತ್ತಕೋಶದಲ್ಲಿ ಕಲ್ಲಿಲ್ಲ, ಎಲ್ಲ ನಾರ್ಮಲ್ ಎಂದರು. ನೆಲ ಒರೆಸಿ ಒರೆಸಿ ಪಕ್ಕೆಯ ಸ್ನಾಯು ಉಳುಕಿರಬೇಕು, ಮುಲಾಮು ಹಚ್ಚಿ ಎಂದು ಕಳಿಸಿದರು. ಮುಲಾಮು ಹಚ್ಚಿದರು. ಅತ್ತೆ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟಳು. ಎಡಮಗ್ಗುಲಿಗೆ ತಿರುಗಲಾರದೆ, ಜೋರಾಗಿ ಸೀನಲಾರದೆ ಅವಳು ಗೋಡೆ ಹಿಡಿದು ಕೂತಳು. ನಾನು ಭಾನುವಾರ ನೋಡಲು ಹೋದಾಗ ಅವಳಿಗೆ ಕೂಗುವ ಶಕ್ತಿಯೂ ಇರಲಿಲ್ಲ. ಮನೆಯಲ್ಲಿ ಅದನ್ನೇ ಸ್ವಲ್ಪ ಸುಧಾರಿಸಿದ್ದಾಳೆ ಎಂದು ತಿಳಿದಿದ್ದರು.

ನಾನು ಒತ್ತಾಯ ಮಾಡಿದ್ದಕ್ಕೆ ಮತ್ತೆ ಅದೇ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಹಳೆಯ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಆರುಮುಗಂನ ಕಡೆ ತಿರುಗಿ, ಮನೆಯಲ್ಲಿ ಏನಾದರೂ ಜಗಳ ಇದೆಯಾ, ಇವರಿಗೆ ಟೆನ್ಷನ್ ಜಾಸ್ತಿ ಇದ್ದಂತಿದೆ, ಮನಸ್ಸಿನ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದರು.

ಆದಿಲಕ್ಷ್ಮಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ನೋವಿರಾದು ನನ್ನ ಮೈಯಾಗೆ ಸಾರ್. ಅವರ ಮಕ ಯಾಕೆ ನೋಡ್ತೀರಾ? ನನ್ನ ಕೇಳಿ."

"ನೋಡಿ, ಹೀಗೆ ಕೂಗಾಡಿದರೆ ನೋವು ಬರದೆ ಇರುತ್ತಾ?" ಎಂದರು ಡಾಕ್ಟರು.

"ಕೂಗಿದ್ದಕ್ಕೆ ನೋವು ಬರಲಿಲ್ಲ, ನೋವು ಬಂದಿದ್ದಕ್ಕೆ ಕೂಗ್ತಾ ಇವ್ನಿ. ಇಲ್ಲಿ ಕೈ ಇಟ್ಟು ನೋಡಿ. ಒಂದು ಸಲನಾದ್ರೂ ಕೈ ಇಟ್ಟು ನೋಡಿ ಯೋಳಿ."

ಅವರು ಮೇಜಿನ ಮೇಲಿನ ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದರು. ಆರುಮುಗಂ ಹೆಂಡತಿಯ ತೋಳು ಹಿಡಿದು, ಬಾ ಆದಿ, ಎಲ್ಲರೂ ನೋಡ್ತಾರೆ ಎಂದು ತಮಿಳಿನಲ್ಲಿ ಬೇಡಿಕೊಂಡ. ನೋಡಲಿ ಎಂದಳು. ಹೊರಗಿನ ಬೆಂಚಿನ ಮೇಲಿದ್ದವರೆಲ್ಲ ನಿಜಕ್ಕೂ ನೋಡುತ್ತಿದ್ದರು. ಒಬ್ಬ ಮುದುಕಿ, ಗಂಡನನ್ನು ಇಷ್ಟು ಹೆದರಿಸಿಟ್ಟಿದ್ದಾಳಲ್ಲ ಎಂದು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ರಸ್ತೆಗೆ ಬಂದ ಮೇಲೆ ಆರುಮುಗಂ ಆಟೋವನ್ನು ಮನೆಯ ಕಡೆ ತಿರುಗಿಸಿದ. ಆದಿಲಕ್ಷ್ಮಿ ಹತ್ತಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗುವುದಾದರೆ ಹತ್ತುತ್ತೇನೆ, ಇಲ್ಲವಾದರೆ ನಡೆದುಕೊಂಡೇ ಹೋಗುತ್ತೇನೆ ಎಂದಳು. ನಡೆಯಲು ಅವಳಿಂದ ಸಾಧ್ಯವಿರಲಿಲ್ಲ. ಆದರೂ ನಡೆದೇ ಹೊರಡುತ್ತಾಳೆ ಎಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಅಂದು ಡ್ಯೂಟಿಯಲ್ಲಿದ್ದವರು ಡಾಕ್ಟರ್ ಸಹನ ಎಂಬ ಚಿಕ್ಕ ವಯಸ್ಸಿನವರು. ನಿಂತಲ್ಲೇ ಸರತಿಯವರನ್ನು ನೋಡಿ ಕಳಿಸುತ್ತಿದ್ದರು. ಹೆಸರಿಗೆ ತಕ್ಕ ತಾಳ್ಮೆಯೇನೂ ಅವರಲ್ಲಿ ಇರಲಿಲ್ಲ. ನರ್ಸಿನ ಮೇಲೆ ಆಗತಾನೇ ರೇಗಿದ್ದರು. ಆದಿಲಕ್ಷ್ಮಿ ಅವರ ಮುಂದೆ ನಿಂತು ತನ್ನ ಮಣಿಕಟ್ಟನ್ನು ಚಾಚಿ, ಗ್ಯಾಸು, ಉಳುಕು, ಕೋಪ ಈ ಮೂರನ್ನು ಬಿಟ್ಟು ಬೇರೆ ಏನಾದರೂ ಹೇಳಿ ಎಂದಳು. ಸಹನ ನಗಲೂ ಇಲ್ಲ, ರೇಗಲೂ ಇಲ್ಲ. ನಾಡಿ ಹಿಡಿದರು. ಹಿಡಿದ ಕೈಯನ್ನು ಬಿಡಲೇ ಇಲ್ಲ. ಮಾತು ನಿಲ್ಲಿಸಿ, ಕಣ್ಣನ್ನು ಗೋಡೆಯ ಗಡಿಯಾರದ ಮೇಲಿಟ್ಟು ಹಾಗೇ ನಿಂತರು. ಅವಳನ್ನು ಮಂಚದ ಮೇಲೆ ಮಲಗಿಸಿ, ಕಷ್ಟವಾದರೂ ಸ್ವಲ್ಪ ಎಡಕ್ಕೆ ತಿರುಗಿ ಎಂದು ಕೇಳಿ, ಎದೆಯ ಮೇಲೆ ಸ್ಟೆತಾಸ್ಕೋಪ್ ಒತ್ತಿ ಆಲಿಸಿದರು. ಆಮೇಲೆ ಎಡಪಕ್ಕೆಯ ಕೆಳಗೆ ನಿಧಾನವಾಗಿ ಬೆರಳೂರಿದರು. ಆದಿಲಕ್ಷ್ಮಿ ಕಣ್ಣು ಮುಚ್ಚಿ ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಅತ್ತದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ನೋವಿಗೆ ಅತ್ತಳೋ, ಕೊನೆಗೂ ಒಬ್ಬರು ಕೈ ಇಟ್ಟು ನೋಡಿದರೆಂದು ಅತ್ತಳೋ, ನನಗೆ ಗೊತ್ತಿಲ್ಲ.

"ಎದೆಬಡಿತ ತಾಳ ತಪ್ಪಿದೆ," ಎಂದರು ಸಹನ. "ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರ ಒಂದೇ ಥರ ಇಲ್ಲ. ಹೃದಯದಲ್ಲಿ ಗರಗರ ಅಂತ ಒಂದು ಸದ್ದಿದೆ. ಹೊಟ್ಟೆನೋವಿಗೂ ಇದಕ್ಕೂ ಸಂಬಂಧ ಇರಬೇಕು ಅಂತ ನನಗೆ ಅನುಮಾನ. ಇಲ್ಲಿ ಅದನ್ನು ನೋಡೋ ಸ್ಕ್ಯಾನ್ ಇಲ್ಲ, ಈಗಲೇ ಕೋಲಾರಕ್ಕೆ ಹೋಗಬೇಕು."

ಇ.ಸಿ.ಜಿ. ತೆಗೆಸಿದರು. ಕಾಗದದ ಮೇಲಿನ ಗೆರೆ ಕೋಳಿ ಕೆದರಿದ ಹಾಗಿತ್ತು. ಆಂಬುಲೆನ್ಸಿಗೆ ತಾವೇ ಫೋನು ಮಾಡಿದರು. ಅದು ತಡವಾದಾಗ ಮತ್ತೆ ಫೋನು ಮಾಡಿ ಬೈದರು. ಆದಿಲಕ್ಷ್ಮಿ ಮಲಗಿದ್ದಲ್ಲಿಂದಲೇ ನನ್ನ ಕಡೆ ನೋಡಿ, ಈಯಮ್ಮ ನಮ್ಮ ಡಬ್ಬಿಗೆ ಲಾಯಕ್ಕು ಎಂದಳು.

ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ ನರದೊಳಗೆ ಬಣ್ಣದ ಔಷಧಿ ಬಿಟ್ಟು ಸಿ.ಟಿ. ಸ್ಕ್ಯಾನ್ ಮಾಡಿದರು. ಅಲ್ಲಿ ಕಂಡಿತು. ಎಡಪಕ್ಕೆಯ ಎಲುಬುಗಳ ಹಿಂದೆ ಅಡಗಿ ಕೂತಿರುವ ಗುಲ್ಮದಲ್ಲಿ, ಕಲ್ಲಂಗಡಿಯ ಹೋಳು ಕತ್ತರಿಸಿ ತೆಗೆದಂತೆ, ಒಂದು ಮುಮ್ಮೂಲೆಯ ಜಾಗ ಕಪ್ಪಗಿತ್ತು. ಉಳಿದ ಕಡೆಗೆಲ್ಲ ರಕ್ತದ ಜೊತೆ ಔಷಧಿ ಹರಿದು ಬೆಳ್ಳಗೆ ಕಂಡರೆ, ಅಲ್ಲಿಗೆ ಹರಿದೇ ಇರಲಿಲ್ಲ. ಆ ತುಂಡು ಸತ್ತಿದೆ ಎಂದರು ಅಲ್ಲಿನ ದೊಡ್ಡ ಡಾಕ್ಟರು. ಅದಕ್ಕೆ ರಕ್ತ ಒಯ್ಯುವ ನಾಳವನ್ನು ಏನೋ ಅಡ್ಡಗಟ್ಟಿದೆ. ಸತ್ತ ತುಂಡು ಊದಿಕೊಂಡು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕುವುದರಿಂದ ಉಸಿರೆಳೆದರೆ ನೋವು. ವಪೆಯ ನರ ಭುಜದ ಕಡೆಗೂ ಹೋಗುವುದರಿಂದ ಅಲ್ಲೂ ನೋವು. ಜ್ವರ ಬರುವುದೂ ಇದರಿಂದಲೇ. ನಾರ್ಮಲ್ ಎಂದಿದ್ದ ಹಳೆಯ ಸ್ಕ್ಯಾನಿನ ಬಗ್ಗೆ ಆರುಮುಗಂ ಕೇಳಿದ. ಆ ಥರದ ಸ್ಕ್ಯಾನಿನಲ್ಲಿ ಮೊದಮೊದಲು ಕಾಣದೇ ಹೋಗಬಹುದು, ಅದಕ್ಕೇ ನೋವು ನಿಲ್ಲದಿದ್ದರೆ ಮತ್ತೆ ಹುಡುಕಬೇಕು ಎಂದರು.

ಗುಲ್ಮ ಎಂದರೆ ಏನೆಂದು ಆರುಮುಗಂಗೆ ಗೊತ್ತಿರಲಿಲ್ಲ. ನಾನು ಸುವರೊಟ್ಟಿ ಎಂದೆ. ಅವನ ಮುಖ ಬಿಳಿಚಿಕೊಂಡಿತು.

ಯಾಕೆ ಹೀಗಾಯಿತು ಎಂದು ಹುಡುಕಲು ಆಸ್ಪತ್ರೆಯವರು ಕೇಳಿದ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ರಕ್ತದ ಕ್ಯಾನ್ಸರಿನಲ್ಲಿ ಗುಲ್ಮ ಊದಿಕೊಂಡು ಹೀಗಾಗುವುದುಂಟು, ಅದಿರಲಿಲ್ಲ. ರಕ್ತಕಣ ಕುಡುಗೋಲಿನಂತೆ ಬಾಗುವ ವಂಶದ ಕಾಯಿಲೆಯಲ್ಲಿ ಆಗುವುದುಂಟು, ಅದೂ ಇರಲಿಲ್ಲ. ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟುವ ದೋಷವಿದೆಯೇ, ಹೃದಯದ ಕವಾಟಕ್ಕೆ ಸೋಂಕು ತಗುಲಿದೆಯೇ, ಮಲೇರಿಯಾ ಬಂದಿತ್ತೇ ಎಂದೆಲ್ಲ ನೋಡಿದರು. ಹೃದಯದ ಸ್ಕ್ಯಾನಿನಲ್ಲಿ ಉತ್ತರ ಸಿಕ್ಕಿತು. ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಕವಾಟ ದಪ್ಪಗಟ್ಟಿ, ಅಂಚುಗಳು ಕೂಡಿಕೊಂಡು, ಸಣ್ಣ ಸಂದಿಯಷ್ಟೇ ಉಳಿದಿತ್ತು. ರಕ್ತ ಮುಂದೆ ಹೋಗಲಾರದೆ ಮೇಲಿನ ಕೋಣೆಯಲ್ಲಿ ನಿಂತು ಆ ಕೋಣೆ ಹಿಗ್ಗಿತ್ತು, ಮಿಡಿಯುವ ಬದಲು ಅದುರುತ್ತಿತ್ತು. ನಿಂತ ನೀರು ಪಾಚಿಗಟ್ಟುವ ಹಾಗೆ ನಿಂತ ರಕ್ತ ಅದರ ಮೂಲೆಯಲ್ಲಿ ಹೆಪ್ಪುಗಟ್ಟಿತ್ತು. ಆ ಹೆಪ್ಪಿನಿಂದ ಒಂದು ಚೂರು ಕಿತ್ತು ಬಂದು ಗುಲ್ಮದ ನಾಳಕ್ಕೆ ಸಿಕ್ಕಿಕೊಂಡಿತ್ತು.

"ಮಿದುಳಿಗೆ ಹೋಗಿದ್ದರೆ ಲಕ್ವ ಹೊಡೆಯುತ್ತಿತ್ತು," ಎಂದರು ದೊಡ್ಡ ಡಾಕ್ಟರು. "ಗುಲ್ಮಕ್ಕೆ ಹೋಗಿದ್ದು ನಿಮ್ಮ ಪುಣ್ಯ."

ಆದಿಲಕ್ಷ್ಮಿ ಪುಣ್ಯ ಎಂಬ ಮಾತನ್ನು ಸಹಿಸಲಿಲ್ಲ. ಡ್ರಿಪ್ ಹಾಕಿದ್ದ ಕೈಯ ಮುಷ್ಟಿ ಬಿಗಿಯಿತು, ನರ್ಸು ಬಂದು ಸೂಜಿ ಸರಿಮಾಡಬೇಕಾಯಿತು.

ಅಷ್ಟರಲ್ಲಿ ಸುದ್ದಿ ತಿಳಿದು ಅಮ್ಮಾಜಮ್ಮ ಬೇತಮಂಗಲದಿಂದ ಬಸ್ಸು ಹಿಡಿದು ಬಂದಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಗಳ ಕಾಲಿನ ಹತ್ತಿರ ನಿಂತಿದ್ದಳು. ಡಾಕ್ಟರು ಅವಳನ್ನೇ ಕೇಳಿದರು, ಇವರಿಗೆ ಚಿಕ್ಕವರಿದ್ದಾಗ ಗಂಟಲುನೋವು, ಜ್ವರ ಬಂದು ಮಂಡಿ ಊದಿತ್ತಾ ಎಂದು. ಅಮ್ಮಾಜಮ್ಮ ತಲೆಯಾಡಿಸಿದಳು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಬಂದಿತ್ತಂತೆ. ಒಂದು ಮಂಡಿ ಇಳಿದರೆ ಇನ್ನೊಂದು ಊದುತ್ತಿತ್ತು, ಆಮೇಲೆ ಮೊಣಕೈ. ಊರಲ್ಲಿ ವಾತ ಎಂದು ಎಕ್ಕದ ಎಲೆ ಕಟ್ಟಿದರು. ಆಗ ಅವರ ಕಡೆಯ ಆಸ್ಪತ್ರೆಯಲ್ಲಿದ್ದ ಒಬ್ಬ ಡಾಕ್ಟರು, ಇದು ಮಂಡಿಯನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರ, ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ತಪ್ಪಿಸಬೇಡಿ, ದೊಡ್ಡವಳಾಗುವವರೆಗೂ ಹಾಕಿಸಿ ಎಂದಿದ್ದರಂತೆ.

"ಮತ್ತೆ ಯಾಕಮ್ಮಾ ನಿಲ್ಲಿಸಿದ್ರಿ?" ಎಂದರು ಡಾಕ್ಟರು. ಕೇಳಿದ ದನಿಯಲ್ಲಿ ಈ ಜನ ಹೀಗೇ ಎಂಬ ಬೇಸರವಿತ್ತು.

ಅಮ್ಮಾಜಮ್ಮ ಉತ್ತರ ಹೇಳುವ ಮೊದಲೇ ಮಂಚದಿಂದ ಆದಿಲಕ್ಷ್ಮಿಯ ದನಿ ಬಂತು. "ಯೋಳಮ್ಮ. ಎದರಬೇಡ. ಯಾರು ನಿಲ್ಲಿಸಿದ್ದು ಯೋಳು."

"ನಾವು ನಿಲ್ಸಲಿಲ್ಲ ಸಾಮಿ," ಎಂದಳು ಅಮ್ಮಾಜಮ್ಮ. "ಕೂಲಿ ಬಿಟ್ಟು ಕೂಸನ್ನ ಎತ್ಕಂಡು ಓಗ್ತಿದ್ದೆ. ಆ ಡಾಕ್ಟ್ರು ವರ್ಗ ಆಗಿ ಓದ್ರು. ಆಮೇಲೆ ಓದಾಗೆಲ್ಲ ಸೂಜಿಮದ್ದು ಸ್ಟಾಕಿಲ್ಲ ಅನ್ನೋರು. ಮುಂದಿನ ಸಂತೆಗೆ ಬಾ, ಅದರ ಮುಂದಿನ ಸಂತೆಗೆ ಬಾ. ಕೊನಿಗೆ ಒಸ ಡಾಕ್ಟ್ರು ಬಂದು, ಉಡುಗಿ ಕುಣೀತಾ ಅವಳೆ, ಚೆನ್ನಾಗಿರೋಳಿಗೆ ಯಾಕಮ್ಮ ಚುಚ್ಚಿಸ್ತೀಯಾ, ಓಗು ಅಂದ್ರು. ಓದಿದೋರು ಅಂದಮೇಲೆ ನಾನೇನು ಅನ್ಲಿ?"

ಆದಿಲಕ್ಷ್ಮಿ ಮೆಲ್ಲಗೆ ಎದ್ದು ಕೂತಳು. ಅವಳು ಅಂದು ಕೂಗಲಿಲ್ಲ. ಅವಳು ಕೂಗದೆ ಮಾತಾಡಿದ್ದಕ್ಕೆ ನನಗೆ ಹೆಚ್ಚು ಭಯವಾಯಿತು.

"ನಂಗೆ ಎದೆ ಒಡ್ಕೊಂಡ್ರೆ ಕೋಪಕ್ಕೆ ಅಂದ್ರು. ಮಕ ಕೆಂಪಗಾದ್ರೆ ಕೋಪಕ್ಕೆ ಅಂದ್ರು. ಒಟ್ಟೇಲಿದ್ದ ಮಗ ಓದಾಗ್ಲೂ ಕೋಪಕ್ಕೆ ಅಂದ್ರು. ನೀವು ಯೋಳಿ ಸಾರ್. ಕೋಪಕ್ಕೆ ಈ ಎದೆ ಬಾಗಿಲು ಮುಚ್ಕೊಂತದಾ?"

ಡಾಕ್ಟರು ಕೈಯಲ್ಲಿದ್ದ ಕಾಗದಗಳನ್ನು ಮಂಚದ ಮೇಲಿಟ್ಟರು. ಆಮೇಲೆ, "ಇಲ್ಲಮ್ಮಾ. ಎಷ್ಟು ಕೋಪ ಮಾಡಿಕೊಂಡರೂ ಕವಾಟ ಕೂಡಿಕೊಳ್ಳಲ್ಲ. ನಿಮಗೆ ಆಗಿರೋದರಲ್ಲಿ ಕೋಪದ ಪಾತ್ರ ಏನೂ ಇಲ್ಲ. ನಿಮ್ಮ ತಾಯಿಯ ತಪ್ಪೂ ಇಲ್ಲ," ಎಂದರು. ಅವರ ದನಿಯ ಬೇಸರ ಹೋಗಿತ್ತು.

ಆರುಮುಗಂ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಹೊರಗೆ ಹೋಗಿ ಆಟೋದ ಹಿಂದಿನ ಸೀಟಿನಲ್ಲಿ ಕೂತು ಅತ್ತನೆಂದು ಅರುಣಕುಮಾರಿ ಆಮೇಲೆ ನನಗೆ ಹೇಳಿದಳು.

ಕವಾಟವನ್ನು ತೊಡೆಯ ನಾಳದಿಂದ ಬಲೂನು ತೂರಿಸಿ ಬಿಡಿಸಬಹುದಿತ್ತು, ಎದೆ ಕೊಯ್ಯಬೇಕಾಗಿರಲಿಲ್ಲ. ಆದರೆ ಒಳಗೆ ಹೆಪ್ಪು ಇರುವಾಗ ಅದನ್ನು ಮಾಡುವಂತಿಲ್ಲ, ಇನ್ನೊಂದು ಚೂರು ಕಿತ್ತು ಮಿದುಳಿಗೆ ಹೋಗಬಹುದು. ಮೊದಲು ರಕ್ತ ತೆಳುವಾಗಿಸುವ ಮಾತ್ರೆ ನುಂಗಿ ಕಾಯಬೇಕು. ಗುಲ್ಮದ ಸತ್ತ ಭಾಗವನ್ನು ಕತ್ತರಿಸಿ ತೆಗೆಯುವ ಅಗತ್ಯವಿರಲಿಲ್ಲ. ಅದು ಮೆಲ್ಲಗೆ ಸುಕ್ಕುಗಟ್ಟಿ ಕಲೆಯಾಗಿ ಉಳಿಯುತ್ತದೆ, ಕೀವು ತುಂಬಿದರೆ ಮಾತ್ರ ಕಷ್ಟ, ಜ್ವರ ಮರಳಿದರೆ ತಡಮಾಡದೆ ಬನ್ನಿ ಎಂದು ಕಳಿಸಿಕೊಟ್ಟರು. ನೋವು ದಿನೇ ದಿನೇ ಇಳಿಯಿತು. ಜ್ವರ ಮರಳಲಿಲ್ಲ.

ಕಾಯುವ ಆ ತಿಂಗಳುಗಳು ಅವಳಿಗೆ ನೋವಿಗಿಂತ ಕಷ್ಟವಾದವು. ಕೈ ಬಾಗಿಲಿಗೆ ತಾಗಿದರೆ ಸಾಕು, ಚರ್ಮದಡಿ ನೀಲಿಗಟ್ಟುತ್ತಿತ್ತು. ಹಲ್ಲುಜ್ಜಿದರೆ ರಕ್ತ. ರಕ್ತ ಎಷ್ಟು ತೆಳುವಾಗಿದೆ ಎಂದು ಮತ್ತೆ ಮತ್ತೆ ಪರೀಕ್ಷೆ. ಸೊಪ್ಪು ಹೆಚ್ಚು ತಿಂದರೆ ಮಾತ್ರೆಯ ಬಲ ಕುಗ್ಗುತ್ತದೆ ಎಂದು ಒಬ್ಬ ನರ್ಸು ಹೇಳಿದ್ದಕ್ಕೆ, ಮಸ್ಸೊಪ್ಪು ಬಿಟ್ಟು ಮುದ್ದೆಗೆ ಏನು ನಂಚಿಕೊಳ್ಳಲಿ ಎಂದು ಅವಳು ಇಡೀ ಲೈನಿಗೆ ಕೇಳುವಂತೆ ಜಗಳ ತೆಗೆದಳು. ಕೊನೆಗೆ ಸಹನ ಡಾಕ್ಟರೇ, ಬಿಡಬೇಡಿ, ದಿನಾ ಒಂದೇ ಅಳತೆಯಲ್ಲಿ ತಿನ್ನಿ, ಒಂದು ದಿನ ರಾಶಿ ಒಂದು ದಿನ ಇಲ್ಲ ಅಂತ ಮಾಡಬೇಡಿ ಎಂದು ಬಗೆಹರಿಸಿದರು. ಅಮ್ಮಾಜಮ್ಮ ಊರಿಗೆ ಹೋಗದೆ ಮಗಳ ಮನೆಯಲ್ಲೇ ಉಳಿದು, ಅಳತೆಗೆಂದು ಒಂದು ಸ್ಟೀಲ್ ಬಟ್ಟಲು ಗೊತ್ತುಮಾಡಿಕೊಂಡು ಸೊಪ್ಪು ಬೇಯಿಸಿ ಹಾಕಿದಳು. ಹಳೆಯದನ್ನು ನೆನೆದು ಮುದುಕಿ ಮುಸುಗುಟ್ಟಿದಾಗಲೆಲ್ಲ ಆದಿಲಕ್ಷ್ಮಿ ಗದರುತ್ತಿದ್ದಳು. ಕೂಲಿ ಬಿಟ್ಟು ನನ್ನನ್ನು ಎತ್ತಿಕೊಂಡು ಹೋದವಳು ನೀನು, ಸ್ಟಾಕ್ ಇಲ್ಲ ಎಂದು ಕೂತಲ್ಲೇ ಹೇಳಿದವರು ಅಳಲಿ ಎನ್ನುತ್ತಿದ್ದಳು.

ಗುತ್ತಿಗೆ ಕಂಪನಿಯವರು ಅವಳ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡರು. ಒಂದು ಫೋನು ಕೂಡ ಮಾಡಿ ಹೇಳಲಿಲ್ಲ. ಅವಳ ಬಟ್ಟೆಯ ಚೀಲವನ್ನು ಜೊತೆಯ ಕೆಲಸದವಳ ಕೈಯಲ್ಲಿ ಕಳಿಸಿದರು. ಆ ಚೀಲವನ್ನು ರೈಲಿನಲ್ಲಿ ಅವಳಿಂದ ಇಸಿದುಕೊಂಡು, ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟವಳು ನಾನೇ. ಅದರೊಳಗೆ ಅವಳ ಚಪ್ಪಲಿ, ಬಾಚಣಿಗೆ, ಅರ್ಧ ಉಳಿದ ಕೊಬ್ಬರಿಎಣ್ಣೆಯ ಬಾಟಲಿ ಇದ್ದವು.

ಹೆಪ್ಪು ಕರಗಿದ ಮೇಲೆ ಬೆಂಗಳೂರಿನ ಸರ್ಕಾರಿ ಹೃದಯದ ಆಸ್ಪತ್ರೆಯಲ್ಲಿ ಬಲೂನು ಹಾಕಿ ಕವಾಟ ಬಿಡಿಸಿದರು. ಎಚ್ಚರವಾದ ಕೂಡಲೇ ಅವಳು ಹೇಳಿದ ಮೊದಲ ಮಾತು, ಗಾಳಿ ಒಳಗೆ ಹೋಗುತ್ತಿದೆ ಎಂದು. ಇಷ್ಟು ವರ್ಷ ಎಲ್ಲರೂ ಹೀಗೇ ಉಸಿರಾಡುತ್ತಿದ್ದರಾ, ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಮಗಳ ಮುಖವನ್ನೇ ನೋಡಿದಳಂತೆ. ಆದರೂ ಎಲ್ಲ ಸರಿಹೋಯಿತೆಂದಲ್ಲ. ತಪ್ಪಿದ ತಾಳ ಮತ್ತೆ ಕೂಡಲಿಲ್ಲ. ಅಷ್ಟು ವರ್ಷ ಹಿಗ್ಗಿದ ಕೋಣೆ ಇನ್ನು ಮೊದಲಿನಂತೆ ಆಗುವುದು ಕಷ್ಟ, ರಕ್ತ ತೆಳುವಾಗಿಸುವ ಮಾತ್ರೆ ಜೀವಮಾನವಿಡೀ ಬೇಕು ಎಂದರು. ಬೇಗ ಕಂಡುಹಿಡಿದಿದ್ದರೆ ಎಂದು ಶುರುಮಾಡಿದ ಅಲ್ಲಿನ ಡಾಕ್ಟರು ಅವಳ ಕಣ್ಣು ನೋಡಿ ಮಾತು ನಿಲ್ಲಿಸಿದರು.

ಈಗ ಅವಳು ಬಂಗಾರಪೇಟೆಯ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ಶನಿವಾರ ನಾನು ಬೇಗ ರೈಲಿಳಿದಿದ್ದೆ. ಅವಳು ಸ್ಟೇಷನ್ನಿನ ಹೊರಗೆ ನಿಂತಿದ್ದಳು. ಆ ಕ್ಲಿನಿಕ್ಕಿಗೆ ಹೋಗಬೇಕು, ಜೊತೆಗೆ ಬಾ ಎಂದಳು. ಬೇಡ ಎನ್ನಲು ನನಗೂ ಮನಸ್ಸಿರಲಿಲ್ಲ. ಸರತಿಯಲ್ಲಿ ಕೂತೆವು. ಒಳಗೆ ಹೋದ ಮೇಲೆ ಅವಳು ಸಿ.ಟಿ. ಸ್ಕ್ಯಾನಿನ ಚಿತ್ರವನ್ನು ಮೇಜಿನ ಮೇಲಿಟ್ಟು, ಎಡಪಕ್ಕೆಯ ನೋವೆಂದು ಬಂದಿದ್ದೆ, ಗ್ಯಾಸ್ಟ್ರಿಕ್ ಎಂದಿರಿ, ನನ್ನ ಜ್ಞಾಪಕ ಇದೆಯಾ ಎಂದು ಕೇಳಿದಳು.

ಡಾಕ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಜ್ಞಾಪಕವಿರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಇರಲಿಲ್ಲ. ದಿನಾ ಎಷ್ಟೋ ಜನ ಬರುತ್ತಾರಮ್ಮಾ, ಈಗ ಹುಷಾರಾಗಿದ್ದೀರಲ್ಲ, ಒಳ್ಳೆಯದಾಯಿತು ಎಂದರು. ಬೈಸಿಕೊಳ್ಳಲು ತಯಾರಾಗಿದ್ದವನನ್ನು ಬೈಯಬಹುದು. ಗುರುತೇ ಇಲ್ಲದವನನ್ನು ಏನೆಂದು ಬೈಯುವುದು? ಆದಿಲಕ್ಷ್ಮಿ ಮೇಜಿನ ಮೇಲೆ ತನ್ನ ಮಣಿಕಟ್ಟನ್ನು ಇಟ್ಟಳು.

"ಇವತ್ತಾದ್ರೂ ಇಡಕಂಡು ನೋಡಿ. ಮುಂದೆ ನನ್ನಂಗೆ ಬರೋಳ ನಾಡಿ ನಿಮಗೆ ಗುರ್ತು ಸಿಗ್ಲಿ."

ಅವರು ಹಿಂಜರಿದು ಬಾಗಿಲ ಕಡೆ ನೋಡಿದರು. ಅವಳು ಕೈ ತೆಗೆಯಲಿಲ್ಲ. ಕೊನೆಗೆ ಎರಡು ಬೆರಳಿಟ್ಟರು, ತೆಗೆಯಲು ಹೋದರು, ಮತ್ತೆ ಇಟ್ಟರು. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದೆ. ಬಾಯಿ ತೆರೆದು ಏನೋ ಕೇಳಲು ಹೊರಟರು. ಅಷ್ಟರಲ್ಲಿ ಅವಳು ಕೈ ಎಳೆದುಕೊಂಡು, ಚಿತ್ರವನ್ನು ಸುತ್ತಿ ಕಂಕುಳಲ್ಲಿ ಇಟ್ಟು, ಎದ್ದು ಹೊರಗೆ ಬಂದುಬಿಟ್ಟಳು.

ರಸ್ತೆಯ ಅಂಚಿಗೆ ಬಂದು ನಿಂತಳು. ಇನ್ನೂ ಏನೋ ಹೇಳಬೇಕಾಗಿತ್ತು, ಬಾಯಿಗೆ ಬರಲಿಲ್ಲ ಎಂದಳು. ವಾಪಸ್ ಹೋಗಿ ಹೇಳೋಣವೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿದಳು.

"ಬ್ಯಾಡ. ಒಟ್ಟೆ ಅಸೀತದೆ, ನಡಿ ಶ್ಯಾಮಲಕ್ಕ," ಎಂದು ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು.